ಹ್ಯಾಂಡ್ಸ್‌ಫ್ರೀ ಕಿಟ್ (ವಾಹನ)

ಹ್ಯಾಂಡ್ಸ್‌ಫ್ರೀ ಕಿಟ್ ಎಂದರೆ ವಾಹನ ಚಲಾಯಿಸುವವರು ಫೋನನ್ನು ಕೈಯಲ್ಲಿ ಹಿಡಿಯದೆ, ಕಿವಿಗೆ ಒತ್ತಿಕೊಳ್ಳದೆ ಕರೆ ಮಾಡಲು, ಕರೆ ಸ್ವೀಕರಿಸಲು ಮತ್ತು ಮಾತನಾಡಲು ಅನುವಾಗುವ ಸಾಧನ. ಮೈಕ್, ಸ್ಪೀಕರ್, ಇವೆರಡರ ನಡುವೆ ಧ್ವನಿಯನ್ನು ಸಂಸ್ಕರಿಸುವ ಚಿಪ್, ಫೋನಿನೊಂದಿಗೆ ತಂತಿಯ ಅಥವಾ ನಿಸ್ತಂತು ಸಂಪರ್ಕ ಇವು ಅದರ ಮುಖ್ಯ ಅಂಗಗಳು. ಕಿವಿಗೆ ಸಿಕ್ಕಿಸುವ ಸಣ್ಣ ಹೆಡ್‌ಸೆಟ್‌ನಿಂದ ಹಿಡಿದು ಕಾರ್ಖಾನೆಯಲ್ಲೇ ಡ್ಯಾಶ್‌ಬೋರ್ಡ್‌ನೊಳಗೆ ಕೂರಿಸಿದ ವ್ಯವಸ್ಥೆಯವರೆಗೆ ಹಲವು ರೂಪಗಳು ಬಳಕೆಯಲ್ಲಿವೆ.

ಹೆಸರು ಮತ್ತು ವ್ಯಾಪ್ತಿ

ಕೈಮುಕ್ತ ಸಾಧನ ಎಂದು ಕನ್ನಡಿಸಬಹುದಾದರೂ ಅಂಗಡಿಯಲ್ಲೂ ಗ್ಯಾರೇಜಿನಲ್ಲೂ ನಡೆಯುವ ಮಾತು ಹ್ಯಾಂಡ್ಸ್‌ಫ್ರೀ. ಇನ್ನೂ ಸಾಮಾನ್ಯವಾಗಿ ಬರೀ ಬ್ಲೂಟೂತ್. ‘ಕಾರಿಗೆ ಬ್ಲೂಟೂತ್ ಹಾಕಿಸಿದೆ’ ಎಂದರೆ ಈ ಕಿಟ್ ಎಂದೇ ಅರ್ಥ. ಕಟ್ಟುನಿಟ್ಟಾಗಿ ನೋಡಿದರೆ ಬ್ಲೂಟೂತ್ ಎಂಬುದು ಸಂಪರ್ಕದ ವಿಧಾನದ ಹೆಸರು, ಸಾಧನದ್ದಲ್ಲ. ಬ್ಲೂಟೂತ್ ಇದ್ದೂ ಕರೆ ಮಾಡಲು ಬಾರದ, ಹಾಡನ್ನಷ್ಟೇ ಕೇಳಿಸುವ ಸ್ಟೀರಿಯೊಗಳೂ ಇವೆ.

ಈ ಲೇಖನದಲ್ಲಿ ‘ಕಿಟ್’ ಎಂಬುದನ್ನು ಎಲ್ಲ ಬಗೆಗಳಿಗೂ ಸಾಮಾನ್ಯವಾಗಿ, ‘ಹೆಡ್‌ಸೆಟ್’ ಎಂಬುದನ್ನು ಕಿವಿಗೆ ಅಥವಾ ತಲೆಗೆ ತೊಡುವ ಬಗೆಗೆ ಮಾತ್ರ, ‘ಆಚೆ ತುದಿ’ ಎಂಬುದನ್ನು ಕರೆಯ ಇನ್ನೊಂದು ಕಡೆ ಇರುವವರಿಗೆ ಬಳಸಲಾಗಿದೆ. ಫೋನನ್ನು ಸ್ಪೀಕರ್ ಮೇಲಿಟ್ಟು ತೊಡೆಯ ಮೇಲೆ ಇರಿಸಿಕೊಳ್ಳುವುದು, ಹೆಲ್ಮೆಟ್ಟಿಗೂ ಕೆನ್ನೆಗೂ ನಡುವೆ ತುರುಕಿಕೊಳ್ಳುವುದು, ತಲೆ ವಾಲಿಸಿ ಭುಜದಿಂದ ಒತ್ತಿ ಹಿಡಿಯುವುದು ಈ ವ್ಯಾಖ್ಯೆಗೆ ಸೇರುವುದಿಲ್ಲ. ಅವುಗಳಲ್ಲಿ ಕೈ ಬಿಡುವಾದಂತೆ ಕಂಡರೂ ಕುತ್ತಿಗೆ, ಕಣ್ಣು, ಕೊನೆಗೆ ಫೋನ್ ಜಾರಿದಾಗ ಕೈಯೂ ಅದರ ಸೇವೆಗೇ ನಿಲ್ಲುತ್ತವೆ.

ಹುಟ್ಟು ಮತ್ತು ಬೆಳವಣಿಗೆ

ಫೋನು ಜೇಬಿಗೆ ಬರುವ ಎಷ್ಟೋ ಮೊದಲೇ ಕಾರಿಗೆ ಬಂದಿತ್ತು. ಅಮೆರಿಕದ ಬೆಲ್ ಸಂಸ್ಥೆ 1946ರ ಜೂನ್ 17ರಂದು ಸೇಂಟ್ ಲೂಯಿಸ್ ನಗರದಲ್ಲಿ ವಾಹನ ದೂರವಾಣಿ ಸೇವೆಯನ್ನು ಆರಂಭಿಸಿತು. ಅದರ ಯಂತ್ರ ಸುಮಾರು 36 ಕಿಲೋ ತೂಗುತ್ತಿತ್ತು. ಹಿಡಿಕೆಯಲ್ಲಿನ ಗುಂಡಿ ಒತ್ತಿಕೊಂಡು ಮಾತನಾಡಬೇಕು, ಬಿಟ್ಟರೆ ಕೇಳಬೇಕು. ಕೈಯನ್ನು ಬಿಡಿಸುವುದಿರಲಿ, ಅದಕ್ಕೆ ಇನ್ನೊಂದು ಕೆಲಸವನ್ನೇ ಆ ಗುಂಡಿ ಹಚ್ಚಿತ್ತು.

ನಾರ್ಡಿಕ್ ದೇಶಗಳಲ್ಲಿ 1981ರಲ್ಲಿ, ಅಮೆರಿಕದ ಶಿಕಾಗೊದಲ್ಲಿ 1983ರ ಅಕ್ಟೋಬರ್‌ನಲ್ಲಿ ಸೆಲ್ಯುಲಾರ್ ಸೇವೆ ಶುರುವಾದಾಗಲೂ ಅದರ ಗ್ರಾಹಕರಲ್ಲಿ ಕಾರು ಫೋನಿನವರೇ ಹೆಚ್ಚು. ಕಾರಿನ ಬ್ಯಾಟರಿಯಿಂದ ವಿದ್ಯುತ್ ಪಡೆಯುತ್ತಿದ್ದ ಆ ಫೋನುಗಳು ಅಮೆರಿಕದ ಜಾಲದಲ್ಲಿ 3 ವ್ಯಾಟ್‌ವರೆಗೆ ಪ್ರಸಾರ ಮಾಡಬಲ್ಲವಾಗಿದ್ದವು. ಕೈಫೋನಿಗೆ ಇದ್ದ ಮಿತಿ 0.6 ವ್ಯಾಟ್. ಬಿಸಿಲು ತಡೆಯುವ ಪಟ್ಟಿಗೆ, ಅಂದರೆ ಸನ್ ವೈಸರ್‌ಗೆ, ಮೈಕ್ ಸಿಕ್ಕಿಸಿ ಸೀಟಿನ ಬಳಿ ಸ್ಪೀಕರ್ ಇಡುವ ರೂಢಿ ಈ ಕಾಲದ್ದು. ಇಂದಿನ ಕಿಟ್‌ನ ಮೂಲರೂಪ ಅದೇ.

1990ರ ದಶಕದಲ್ಲಿ ಕೈಫೋನ್ ಅಗ್ಗವಾದಂತೆ ಕಾರು ಫೋನು ಹಿಂದೆ ಸರಿದು ಅದರ ಜಾಗಕ್ಕೆ ತೊಟ್ಟಿಲು ಮಾದರಿಯ ಕಿಟ್ ಬಂತು. ಫೋನನ್ನು ತೊಟ್ಟಿಲಲ್ಲಿ ಕೂರಿಸಿದರೆ ಚಾರ್ಜ್ ಆಗುತ್ತಿತ್ತು, ಹೊರಗಿನ ಆಂಟೆನಾಕ್ಕೆ ಸೇರುತ್ತಿತ್ತು, ಮಾತು ಕಾರಿನ ಸ್ಪೀಕರ್‌ನಲ್ಲಿ ಕೇಳುತ್ತಿತ್ತು. ಒಂದೊಂದು ಮಾದರಿಯ ಫೋನಿಗೂ ಒಂದೊಂದು ತೊಟ್ಟಿಲು. ಫೋನ್ ಬದಲಿಸಿದರೆ ತೊಟ್ಟಿಲನ್ನೂ ಬದಲಿಸಬೇಕಾದ್ದು ಅದರ ದೊಡ್ಡ ಕೊರತೆಯಾಗಿತ್ತು. ಭಾರತದಲ್ಲಿ ಮೊಬೈಲ್ ಸೇವೆ ಆರಂಭವಾದದ್ದು 1995ರ ಜುಲೈ 31ರಂದು. ಹೀಗಾಗಿ ತೊಟ್ಟಿಲು ಕಿಟ್‌ನ ಯುಗ ಇಲ್ಲಿ ತೀರ ಚಿಕ್ಕದು.

ತೊಟ್ಟಿಲಿನ ಹಂಗು ಹರಿದದ್ದು ಬ್ಲೂಟೂತ್. ಸ್ವೀಡನ್ನಿನ ಎರಿಕ್ಸನ್ ಕಂಪನಿಯ ಲುಂಡ್ ನಗರದ ಪ್ರಯೋಗಾಲಯದಲ್ಲಿ 1994ರಲ್ಲಿ ಇದರ ಕೆಲಸ ಮೊದಲಾಯಿತು. 1998ರಲ್ಲಿ ಎರಿಕ್ಸನ್, ನೋಕಿಯಾ, ಐಬಿಎಂ, ಇಂಟೆಲ್, ತೋಷಿಬಾ ಸೇರಿ ಬ್ಲೂಟೂತ್ ಎಸ್‌ಐಜಿ ಎಂಬ ಕೂಟ ಕಟ್ಟಿದವು. ಹತ್ತನೆಯ ಶತಮಾನದ ಡೆನ್ಮಾರ್ಕ್ ದೊರೆ ಹರಾಲ್ಡ್ ಬ್ಲೂಟೂತ್‌ನ ಹೆಸರನ್ನು ಸೂಚಿಸಿದವರು ಇಂಟೆಲ್‌ನ ಜಿಮ್ ಕಾರ್ಡಾಕ್. ಯಾವ ಕಂಪನಿಯ ಫೋನಾದರೂ ಯಾವ ಕಂಪನಿಯ ಕಿಟ್‌ನೊಂದಿಗೂ ಮಾತಾಡಲಿ ಎಂಬ ಉದ್ದೇಶದಿಂದ ಹ್ಯಾಂಡ್ಸ್‌ಫ್ರೀ ಪ್ರೊಫೈಲ್, ಅಂದರೆ ಎಚ್‌ಎಫ್‌ಪಿ, ಎಂಬ ನಿಯಮಾವಳಿ ರೂಪುಗೊಂಡಿತು. ಇದರಲ್ಲಿ ವಾಹನ ತಯಾರಕರ ಪಾತ್ರ ದೊಡ್ಡದು. ಫ್ರಾನ್ಸಿನ ಪ್ಯಾರಟ್ ಕಂಪನಿಯ ಸಿಕೆ3000 ಈ ಕಾಲದ ಹೆಸರುವಾಸಿ ಕಿಟ್.

ಫೋರ್ಡ್ ಕಂಪನಿ ಮೈಕ್ರೋಸಾಫ್ಟ್‌ನೊಂದಿಗೆ 2007ರಲ್ಲಿ ತಂದ ಸಿಂಕ್ ವ್ಯವಸ್ಥೆ ಧ್ವನಿ ಆದೇಶವನ್ನು ಸಾಧಾರಣ ಬೆಲೆಯ ಕಾರುಗಳಿಗೂ ಇಳಿಸಿತು. ಆಪಲ್‌ನ ಕಾರ್‌ಪ್ಲೇ 2014ರ ಮಾರ್ಚ್‌ನಲ್ಲಿ, ಗೂಗಲ್‌ನ ಆಂಡ್ರಾಯ್ಡ್ ಆಟೊ ಅದೇ ವರ್ಷದ ಜೂನ್‌ನಲ್ಲಿ ಪ್ರಕಟವಾದವು. ಅಲ್ಲಿಂದ ಮುಂದೆ ಕರೆ ಎಂಬುದು ಕಾರಿನ ಪರದೆಯ ಹಲವು ಕೆಲಸಗಳಲ್ಲಿ ಒಂದಾಗಿ ಉಳಿಯಿತು.

ರಚನೆ ಮತ್ತು ಕೆಲಸ ಮಾಡುವ ಬಗೆ

ಫೋನು ಕಿವಿಗೆ ಅಂಟಿದ್ದಾಗ ಬಾಯಿಗೂ ಮೈಕ್‌ಗೂ ಕೆಲವೇ ಸೆಂಟಿಮೀಟರ್ ಅಂತರ. ಕಾರಿನಲ್ಲಿ ಈ ಅಂತರ ಸುಮಾರು ಅರ್ಧ ಮೀಟರಿಗೆ ಹಿಗ್ಗುತ್ತದೆ. ದೂರ ಹೆಚ್ಚಿದಷ್ಟೂ ಮಾತಿನ ಬಲ ಕುಗ್ಗಿ, ಟೈರು, ಗಾಳಿ, ಎಂಜಿನ್, ಎಸಿ ಫ್ಯಾನ್, ಹೊರಗಿನ ಹಾರ್ನ್ ಮಾತಿನ ಮೇಲೆ ಏರಿ ಕೂರುತ್ತವೆ. ವಾಹನದ ಗದ್ದಲದ ಬಹುಪಾಲು ಕೆಳ ಆವರ್ತನಗಳಲ್ಲಿ ಇರುವುದರಿಂದ ಅದನ್ನು ಸ್ವಲ್ಪಮಟ್ಟಿಗೆ ಸೋಸಿ ತೆಗೆಯಬಹುದು. ಎರಡು ಅಥವಾ ಹೆಚ್ಚು ಮೈಕ್‌ಗಳನ್ನು ಸಾಲಾಗಿ ಇಟ್ಟು, ಚಾಲಕರ ಬಾಯಿಯ ದಿಕ್ಕಿನಿಂದ ಬರುವ ದನಿಗೆ ಮಾತ್ರ ಒತ್ತು ಕೊಡುವ ವಿಧಾನವೂ ಇದೆ.

ಗದ್ದಲಕ್ಕಿಂತ ತೊಡಕಿನ ಸಮಸ್ಯೆ ಮರುದನಿ. ಆಚೆ ತುದಿಯವರ ಮಾತು ಕಾರಿನ ಸ್ಪೀಕರ್‌ನಿಂದ ಹೊರಟು, ಗಾಜು, ಬಾಗಿಲು, ಛಾವಣಿಗಳಿಗೆ ಬಡಿದು, ಮೈಕ್ ಸೇರಿ, ಜಾಲದ ಮೂಲಕ ಮತ್ತೆ ಅವರ ಕಿವಿಗೇ ಮರಳುತ್ತದೆ. ಜಾಲದಲ್ಲೂ ಬ್ಲೂಟೂತ್‌ನಲ್ಲೂ ಆಗುವ ವಿಳಂಬ ಕೂಡಿದರೆ ತಮ್ಮ ಮಾತೇ ಹಿಂದಿನಿಂದ ಅಟ್ಟಿಸಿಕೊಂಡು ಬಂದಂತೆ ಅವರಿಗೆ ಕೇಳಿಸುತ್ತದೆ. ಇದನ್ನು ತೊಡೆಯಲು ಕಿಟ್‌ನೊಳಗಿನ ಚಿಪ್ ಸ್ಪೀಕರ್‌ಗೆ ಹೋಗುತ್ತಿರುವ ಧ್ವನಿಯ ಒಂದು ಪ್ರತಿಯನ್ನು ಇಟ್ಟುಕೊಳ್ಳುತ್ತದೆ. ಆ ಧ್ವನಿ ಕಾರಿನೊಳಗೆ ಸುತ್ತಿ ಮೈಕ್ ತಲುಪುವಾಗ ಹೇಗೆ ಬದಲಾಗಿರುತ್ತದೆ ಎಂದು ಲೆಕ್ಕಹಾಕಿ, ಅಷ್ಟನ್ನು ಮೈಕ್‌ನ ಧ್ವನಿಯಿಂದ ಕಳೆಯುತ್ತದೆ. ಕಿಟಕಿ ಇಳಿಸಿದರೂ ಪಕ್ಕದವರು ಮಗ್ಗುಲಾದರೂ ಧ್ವನಿಯ ದಾರಿ ಬದಲಾಗುವುದರಿಂದ ಈ ಲೆಕ್ಕ ಎಡೆಬಿಡದೆ ಪರಿಷ್ಕಾರವಾಗುತ್ತಲೇ ಇರಬೇಕು. ಇಬ್ಬರೂ ಒಟ್ಟಿಗೆ ಬಾಯಿ ತೆರೆದ ಗಳಿಗೆ ಅತ್ಯಂತ ಕಠಿಣವಾದದ್ದು: ಯಾವುದು ಮರುದನಿ, ಯಾವುದು ಚಾಲಕರ ಮಾತು ಎಂದು ಚಿಪ್ ಬೇರ್ಪಡಿಸಬೇಕು. ಅಗ್ಗದ ಕಿಟ್‌ಗಳು ಈ ಗೋಜಿಗೆ ಹೋಗದೆ ಒಂದು ಕಡೆಯ ದನಿಯನ್ನೇ ಅದುಮಿಬಿಡುತ್ತವೆ, ಆಗ ‘ಹಲೋ... ಕೇಳ್ತಿದ್ಯಾ?’ ಎಂಬ ಅರೆಬರೆ ಸಂಭಾಷಣೆ ನಡೆಯುತ್ತದೆ. ಎರಡೂ ಕಡೆಯ ಮಾತು ಒಮ್ಮೆಗೇ ಸಾಗುವ ಗುಣವನ್ನು ಪೂರ್ಣ ದ್ವಿಮುಖ, ಸರದಿಯಲ್ಲಿ ಮಾತ್ರ ಸಾಗುವುದನ್ನು ಅರ್ಧ ದ್ವಿಮುಖ ಎನ್ನುತ್ತಾರೆ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಮರುದನಿಯಾಗಲಿ ಗದ್ದಲವಾಗಲಿ ಕೇಳಿಸುವುದು ಆಚೆ ತುದಿಯವರಿಗೆ. ಕಿಟ್ ಕೊಂಡವರ ಕಿವಿಗೆ ಎಲ್ಲವೂ ಸರಿಯಾಗಿಯೇ ಕೇಳುತ್ತಿರುತ್ತದೆ. ಕಿಟ್‌ನ ಗುಣವನ್ನು ಒಳಗೆ ಕೂತು ಅಳೆಯಲು ಬರುವುದಿಲ್ಲ ಎಂಬುದಕ್ಕೆ ಇದೇ ಕಾರಣ.

ಸಂಪರ್ಕದ ಮಟ್ಟಿಗೆ, ಬ್ಲೂಟೂತ್ 2.4 ಗಿಗಾಹರ್ಟ್ಝ್ ಪಟ್ಟಿಯನ್ನು 79 ವಾಹಿನಿಗಳಾಗಿ ವಿಂಗಡಿಸಿಕೊಂಡು, ಸೆಕೆಂಡಿಗೆ 1600 ಸಲ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತ ಧ್ವನಿಯನ್ನು ಒಯ್ಯುತ್ತದೆ. ಎಚ್‌ಎಫ್‌ಪಿಯ ಭಾಷೆಯಲ್ಲಿ ಫೋನು ಧ್ವನಿಯ ಹೆಬ್ಬಾಗಿಲು, ಕಿಟ್ ಹ್ಯಾಂಡ್ಸ್‌ಫ್ರೀ ಘಟಕ. ಹಾಡಿಗೆ ಎ2ಡಿಪಿ, ಹೆಸರು-ನಂಬರಿನ ಪಟ್ಟಿಯನ್ನು ಕಾರಿಗೆ ಇಳಿಸಲು ಪಿಬಿಎಪಿ, ಸಂದೇಶಗಳಿಗೆ ಎಂಎಪಿ ಎಂಬ ಬೇರೆ ಪ್ರೊಫೈಲ್‌ಗಳಿವೆ. ಒಂದು ಕಿಟ್ ಯಾವ ಪ್ರೊಫೈಲ್‌ಗಳನ್ನು ಬಲ್ಲದು ಎಂಬುದರ ಮೇಲೆ ಅದರ ಯೋಗ್ಯತೆ ನಿಂತಿದೆ; ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾದ ಬ್ಲೂಟೂತ್ ಆವೃತ್ತಿಯ ಸಂಖ್ಯೆಯೊಂದರಿಂದ ಕರೆಯ ಗುಣಮಟ್ಟ ತಿಳಿಯದು.

ಹಳೆಯ ದೂರವಾಣಿ ಧ್ವನಿಯ ವ್ಯಾಪ್ತಿ 300ರಿಂದ 3400 ಹರ್ಟ್ಝ್. ಇಷ್ಟರಲ್ಲಿ ‘ಸ’ ಮತ್ತು ‘ಫ’ಗಳಂಥ ಉಸಿರು ಹೆಚ್ಚಿರುವ ದನಿಗಳು ಒಂದರಂತೆ ಇನ್ನೊಂದು ಕೇಳುತ್ತವೆ. ಎಚ್‌ಎಫ್‌ಪಿಯ 2011ರ 1.6ನೇ ಆವೃತ್ತಿ ಸೆಕೆಂಡಿಗೆ 16,000 ಮಾದರಿಗಳ ವಿಸ್ತೃತ ಧ್ವನಿಗೆ ಅವಕಾಶ ಕೊಟ್ಟಿತು. ಫೋನು, ಜಾಲ, ಕಿಟ್, ಆಚೆ ತುದಿ ಇವೆಲ್ಲ ಬೆಂಬಲಿಸಿದರೆ ಮಾತ್ರ ಅದರ ಲಾಭ ಸಿಗುತ್ತದೆ. ವಾಹನದ ಹ್ಯಾಂಡ್ಸ್‌ಫ್ರೀ ಧ್ವನಿಯನ್ನು ಪರೀಕ್ಷಿಸಲು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಪಿ.1100, ಪಿ.1110, ಪಿ.1120 ಎಂಬ ಮಾನದಂಡಗಳನ್ನು ಕೊಟ್ಟಿದೆ.

ಬಗೆಗಳು

ಹೆಡ್‌ಸೆಟ್: ಒಂದು ಕಿವಿಗೆ ಸಿಕ್ಕಿಸುವ ಸಾಧನ, ಕತ್ತಿನ ಸುತ್ತ ಹಾಕುವ ನೆಕ್‌ಬ್ಯಾಂಡ್, ತಂತಿಯ ಇಯರ್‌ಫೋನ್ ಈ ವರ್ಗದವು. ಮೈಕ್ ಬಾಯಿಗೆ ಹತ್ತಿರ, ಸ್ಪೀಕರ್ ಕಿವಿಯೊಳಗೆ ಇರುವುದರಿಂದ ಮರುದನಿಯ ಕಾಟ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಎರಡೂ ಕಿವಿ ಮುಚ್ಚಿದರೆ ಆಂಬುಲೆನ್ಸ್‌ನ ಸೈರನ್ ಕೇಳದು. ಆ್ಯಪ್ ಆಧಾರಿತ ಟ್ಯಾಕ್ಸಿ, ಆಟೊ, ಡೆಲಿವರಿ ಕೆಲಸದವರಲ್ಲಿ ದಿನವಿಡೀ ಕತ್ತಿನಲ್ಲಿರುವ ನೆಕ್‌ಬ್ಯಾಂಡ್ ಬಹುಮಟ್ಟಿಗೆ ಇದೇ ಕಿಟ್‌ನ ಕೆಲಸ ಮಾಡುತ್ತಿದೆ.

ವೈಸರ್ ಸ್ಪೀಕರ್: ಸನ್ ವೈಸರ್‌ಗೆ ಕ್ಲಿಪ್ ಹಾಕಿ ಸಿಕ್ಕಿಸುವ, ತನ್ನದೇ ಬ್ಯಾಟರಿಯುಳ್ಳ ಪೆಟ್ಟಿಗೆ. ಯಾವ ತಂತಿಯನ್ನೂ ಎಳೆಯಬೇಕಿಲ್ಲ, ಒಂದು ಕಾರಿನಿಂದ ಇನ್ನೊಂದಕ್ಕೆ ಒಯ್ಯಬಹುದು. ಮೈಕೂ ಸ್ಪೀಕರೂ ಒಂದೇ ಡಬ್ಬಿಯಲ್ಲಿ ಅಕ್ಕಪಕ್ಕ ಇರುವುದರಿಂದ ಮರುದನಿ ತೊಡೆಯುವ ಚಿಪ್ ಒಳ್ಳೆಯದಿರಬೇಕು. ಲಿಥಿಯಂ ಬ್ಯಾಟರಿಗಳನ್ನು ಸಾಮಾನ್ಯವಾಗಿ 45 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಚಾರ್ಜ್ ಮಾಡುವಂತಿಲ್ಲ. ಕಲಬುರಗಿ, ರಾಯಚೂರು ಕಡೆಯ ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಗಾಜಿನ ಹತ್ತಿರದ ಉಷ್ಣತೆ ಅದನ್ನು ಸುಲಭವಾಗಿ ದಾಟುತ್ತದೆ. ಕಾರು ನಿಲ್ಲಿಸಿದಾಗ ಇದನ್ನು ಕಳಚಿ ಒಯ್ಯಬೇಕೆನ್ನುವುದು ಈ ಕಾರಣಕ್ಕೆ.

ಎಫ್‌ಎಂ ಪ್ರಸಾರಕ: ಸಿಗರೇಟ್ ಲೈಟರ್ ಸಾಕೆಟ್‌ಗೆ ಚುಚ್ಚುವ ಈ ಸಾಧನ ಫೋನಿನ ಧ್ವನಿಯನ್ನು ಸಣ್ಣ ಶಕ್ತಿಯ ಎಫ್‌ಎಂ ತರಂಗವಾಗಿ ಬಿಡುತ್ತದೆ, ಕಾರಿನ ರೇಡಿಯೊ ಅದನ್ನು ಹಿಡಿಯುತ್ತದೆ. ಬ್ಲೂಟೂತ್ ಇಲ್ಲದ ಹಳೆಯ ಸ್ಟೀರಿಯೊಗೆ ಅತ್ಯಂತ ಅಗ್ಗದ ದಾರಿ. ಮೈಕ್ ಮಾತ್ರ ಗೇರ್ ಲಿವರ್‌ನ ಮಟ್ಟದಲ್ಲಿ, ಬಾಯಿಂದ ದೂರ, ಎಸಿ ಗಾಳಿಗೆ ಹತ್ತಿರ ಉಳಿಯುತ್ತದೆ. ಖಾಲಿ ಆವರ್ತನ ಹುಡುಕುವುದು ಇನ್ನೊಂದು ತಾಪತ್ರಯ. ಬೆಂಗಳೂರಿನಲ್ಲಿ ಆಕಾಶವಾಣಿಯ ರೇನ್‌ಬೋ 101.3, ವಿವಿಧ ಭಾರತಿ 102.9 ಮೆಗಾಹರ್ಟ್ಝ್‌ನಲ್ಲಿವೆ, ಉಳಿದ ಜಾಗದಲ್ಲಿ ಖಾಸಗಿ ಕೇಂದ್ರಗಳು ತುಂಬಿವೆ. ಊರಲ್ಲಿ ಹೊಂದಿಸಿಕೊಂಡ ಆವರ್ತನದಲ್ಲಿ ಮುಂದಿನ ಜಿಲ್ಲೆ ತಲುಪುವಷ್ಟರಲ್ಲಿ ಬೇರೊಂದು ಕೇಂದ್ರ ಎದ್ದು ಬರಬಹುದು.

ಕೂರಿಸುವ ಕಿಟ್: ಕಂಟ್ರೋಲ್ ಪೆಟ್ಟಿಗೆಯನ್ನು ಡ್ಯಾಶ್‌ಬೋರ್ಡ್‌ನ ಹಿಂದೆ ಇಟ್ಟು, ಮೈಕನ್ನು ಬೇರೆಯಾಗಿ ಎಳೆದು, ಕಾರಿನ ಸ್ಪೀಕರ್‌ಗಳಿಗೇ ಜೋಡಿಸುವ ಬಗೆ. ಕರೆ ಬಂದಾಗ ಹಾಡು ತಾನಾಗಿ ನಿಲ್ಲುತ್ತದೆ. ಒಂದು ಕಾಲಕ್ಕೆ ಕಿಟ್ ಎಂದರೆ ಇದೇ ಆಗಿತ್ತು.

ಸ್ಟೀರಿಯೊ ಬದಲಾವಣೆ: ಹಳೆಯದನ್ನು ತೆಗೆದು ಬ್ಲೂಟೂತ್, ಕಾರ್‌ಪ್ಲೇ, ಆಂಡ್ರಾಯ್ಡ್ ಆಟೊ ಇರುವ ಹೊಸ ಸ್ಟೀರಿಯೊ ಹಾಕಿಸುವುದು ಭಾರತದಲ್ಲಿ ಈಗ ಹೆಚ್ಚು ನಡೆಯುತ್ತಿರುವ ಪದ್ಧತಿ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ‘ಆಂಡ್ರಾಯ್ಡ್ ಸ್ಟೀರಿಯೊ’ ಎಂದು ಮಾರಾಟವಾಗುವುದೆಲ್ಲ ಆಂಡ್ರಾಯ್ಡ್ ಆಟೊ ಅಲ್ಲ. ಮೊದಲನೆಯದು ಸ್ವತಃ ಒಂದು ಟ್ಯಾಬ್ಲೆಟ್‌ನಂತೆ ಕೆಲಸ ಮಾಡುತ್ತದೆ. ಎರಡನೆಯದು ಫೋನಿನಲ್ಲಿರುವುದನ್ನು ಚಾಲನೆಗೆ ತಕ್ಕಂತೆ ಸರಳಗೊಳಿಸಿ ಪರದೆಗೆ ತರುವ ವ್ಯವಸ್ಥೆ.

ಕಾರ್ಖಾನೆಯ ವ್ಯವಸ್ಥೆ: ಸ್ಟೀರಿಂಗ್ ಮೇಲಿನ ಗುಂಡಿ, ಛಾವಣಿಯ ಮೈಕ್, ಕಾರಿನ ಒಳಾಂಗಣಕ್ಕೆಂದೇ ಹೊಂದಿಸಿದ ಮರುದನಿ ನಿವಾರಣೆ ಇದರ ಬಲ. ಧ್ವನಿಯ ಸಂಸ್ಕರಣೆಯನ್ನು ನಿರ್ದಿಷ್ಟ ಮಾದರಿಯ ಕಾರಿಗೆ ತಕ್ಕಂತೆ ಮಾಡಿರುವುದರಿಂದ ಹೊರಗಿನ ಯಾವ ಕಿಟ್‌ಗೂ ಇದರ ಸಮ ನಿಲ್ಲುವುದು ಕಷ್ಟ.

ಹೆಲ್ಮೆಟ್ ಇಂಟರ್‌ಕಾಮ್: ಹೆಲ್ಮೆಟ್‌ನ ಹೊರಬದಿಗೆ ಕಂಟ್ರೋಲ್ ಘಟಕ, ಒಳಗೆ ಚಪ್ಪಟೆ ಸ್ಪೀಕರ್, ಬಾಯಿಯ ಮುಂದೆ ಮೈಕ್. ಮೂಲತಃ ಸವಾರರು ತಮ್ಮೊಳಗೆ ಮಾತಾಡಲು ಬಂದದ್ದು, ಫೋನ್ ಕರೆಗೂ ಬಳಕೆಯಾಗುತ್ತದೆ. ಭಾರತದಲ್ಲಿ ನೋಂದಾಯಿತ ವಾಹನಗಳ ಹತ್ತಿರಹತ್ತಿರ ಮುಕ್ಕಾಲು ಪಾಲು ದ್ವಿಚಕ್ರ ವಾಹನಗಳಾದರೂ ಈ ಬಗೆ ದೂರ ಪ್ರಯಾಣದ ಬೈಕ್ ಹವ್ಯಾಸಿಗಳಾಚೆ ಅಷ್ಟಾಗಿ ಹರಡಿಲ್ಲ. ಐಎಸ್ 4151 ಗುರುತಿನ ಹೆಲ್ಮೆಟ್‌ನ ಥರ್ಮೊಕೋಲ್ ಪದರವನ್ನು ಸ್ಪೀಕರ್ ಕೂರಿಸಲೆಂದು ಕೊರೆದರೆ ಆಘಾತ ಹೀರುವ ಅದರ ಗುಣ ಕುಂದುತ್ತದೆ. ಕಿವಿಯ ಜಾಗದಲ್ಲಿ ಮೊದಲೇ ಗುಳಿ ಇರುವ ಹೆಲ್ಮೆಟ್‌ಗಳು ಸಿಗುತ್ತವೆ.

ಆಯ್ಕೆ

ಮೊದಲು ನೋಡಬೇಕಾದದ್ದು ಕಾರಿನಲ್ಲಿ ಈಗಾಗಲೇ ಏನಿದೆ ಎಂಬುದನ್ನು. ಎಷ್ಟೋ ಸ್ಟೀರಿಯೊಗಳಲ್ಲಿ ಕರೆಯ ಸೌಲಭ್ಯ ಇದ್ದು, ಮೈಕ್ ತಂತಿಯನ್ನು ಮಾತ್ರ ಜೋಡಿಸಿರುವುದಿಲ್ಲ. ಅಂಥಲ್ಲಿ ಸ್ಟೀರಿಯೊದ ಹಿಂಬದಿಗೆ ಹೊರಗಿನ ಮೈಕೊಂದನ್ನು ಸೇರಿಸಿದರೆ ಕೆಲಸ ಮುಗಿಯುತ್ತದೆ. ಕರೆಯ ಸೌಲಭ್ಯವೇ ಇಲ್ಲದ ಕಡೆ ಕಾರನ್ನು ಎಷ್ಟು ಕಾಲ ಇಟ್ಟುಕೊಳ್ಳುವುದಿದೆ, ಒಂದೇ ಕಾರೋ ಹಲವೋ, ಸ್ವಂತದ್ದೋ ಬಾಡಿಗೆಯದೋ ಎಂಬುದರ ಮೇಲೆ ವೈಸರ್ ಸ್ಪೀಕರ್ ಮತ್ತು ಕೂರಿಸುವ ಬಗೆಗಳ ನಡುವೆ ತೀರ್ಮಾನವಾಗುತ್ತದೆ. ಲಾರಿ, ಬಸ್ಸುಗಳ ವಿದ್ಯುತ್ 24 ವೋಲ್ಟ್; 12 ವೋಲ್ಟ್‌ಗೆ ಮಾತ್ರ ತಯಾರಾದ ಕಿಟ್ ಅಲ್ಲಿ ಸುಟ್ಟುಹೋಗುತ್ತದೆ.

ಧ್ವನಿಯ ಪರೀಕ್ಷೆಯನ್ನು ಎರಡೂ ತುದಿಯಿಂದ ಮಾಡಬೇಕು. ಅಂಗಡಿಯ ಮುಂದೆ ಎಂಜಿನ್ ಆರಿಸಿ ನಿಲ್ಲಿಸಿದ ಕಾರಿನಲ್ಲಿ ಯಾವ ಕಿಟ್ ಆದರೂ ಚೆನ್ನಾಗಿಯೇ ಕೇಳುತ್ತದೆ. ಒಬ್ಬರು ಚಲಾಯಿಸುತ್ತ, ಪಕ್ಕದಲ್ಲಿ ಕುಳಿತ ಇನ್ನೊಬ್ಬರು ಚಾಲಕರ ಬದಲಿಗೆ ಕಿಟ್ ಮೂಲಕ ಮಾತಾಡುತ್ತ, ಮೂರನೆಯವರು ಮನೆಯಲ್ಲಿ ಕೇಳುತ್ತ ಇದ್ದರೆ ನಿಜ ಹೊರಬೀಳುತ್ತದೆ. ಮೈಕ್ ಚಾಲಕರ ಕಡೆ ತಿರುಗಿರುವುದರಿಂದ ಪಕ್ಕದವರ ಮಾತು ತುಸು ಮಸುಕಾಗಿ ಹೋದರೂ ಹೋಲಿಕೆಗೆ ಅಡ್ಡಿಯಿಲ್ಲ. ಕಿಟಕಿ ಮುಚ್ಚಿ ಊರೊಳಗೆ ಒಮ್ಮೆ, ಎಸಿ ಪೂರ್ತಿ ಹಾಕಿ ಒಮ್ಮೆ, ಚಾಲಕರ ಕಿಟಕಿ ಅರ್ಧ ಇಳಿಸಿ ಹೆದ್ದಾರಿಯಲ್ಲಿ ಒಮ್ಮೆ ಕರೆ ಮಾಡಬೇಕು. ಮೂರು ಪ್ರಶ್ನೆಗಳು ಸಾಕು: ತಮ್ಮ ದನಿ ತಮಗೇ ಮರಳಿತೇ? ಇಬ್ಬರೂ ಒಟ್ಟಿಗೆ ಮಾತಾಡಿದಾಗ ಯಾರ ಮಾತಾದರೂ ಮುರಿಯಿತೇ? ಹತ್ತು ಅಂಕಿಯ ನಂಬರೊಂದನ್ನು ಓದಿದಾಗ ತಪ್ಪಿಲ್ಲದೆ ಬರೆದುಕೊಳ್ಳಲು ಆಯಿತೇ? ಮೂರನೆಯ ಪ್ರಶ್ನೆಯಲ್ಲಿ ಸೋಲುವ ಕಿಟ್‌ಗಳು ಬೇಕಾದಷ್ಟಿವೆ.

ನಂತರದ್ದು ಕಣ್ಣಿನ ಲೆಕ್ಕ. ಕರೆ ಎತ್ತಲು, ಕೊನೆಗೊಳಿಸಲು, ದನಿ ಏರಿಸಲು ಬೆರಳಿಗೆ ತಡವಿ ಸಿಗುವ ಗುಂಡಿ ಬೇಕು. ನುಣುಪಾದ ಸ್ಪರ್ಶಪರದೆಯಲ್ಲಿ ಗುಂಡಿ ಎಲ್ಲಿದೆಯೆಂದು ನೋಡದೆ ಒತ್ತಲಾಗದು. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2013ರಲ್ಲಿ ಕಾರು ತಯಾರಕರಿಗೆ ನೀಡಿದ ಮಾರ್ಗಸೂಚಿಯ ಪ್ರಕಾರ ಯಾವುದೇ ಕೆಲಸಕ್ಕೆ ರಸ್ತೆಯಿಂದ ಒಮ್ಮೆ ಕಣ್ಣು ತೆಗೆಯುವುದು 2 ಸೆಕೆಂಡ್‌ಗಳನ್ನೂ, ಒಟ್ಟು ಕೆಲಸಕ್ಕೆ 12 ಸೆಕೆಂಡ್‌ಗಳನ್ನೂ ಮೀರಬಾರದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ 2 ಸೆಕೆಂಡಿಗೆ ಕಾರು ಸುಮಾರು 33 ಮೀಟರ್ ಸಾಗಿರುತ್ತದೆ. ಹಂಪ್ ಎಲ್ಲಿ ಬರುತ್ತದೆಂದು ಗೊತ್ತಿಲ್ಲದ ರಸ್ತೆಯಲ್ಲಿ ಅದು ಬಹಳ ದೂರ.

ಧ್ವನಿ ಆದೇಶ ಕನ್ನಡಿಗರಿಗೆ ಪ್ರತ್ಯೇಕವಾಗಿ ಪರೀಕ್ಷಿಸಬೇಕಾದ ವಿಷಯ. ಫೋನಿನಲ್ಲಿ ಹೆಸರುಗಳು ಸಾಮಾನ್ಯವಾಗಿ ಇಂಗ್ಲಿಷ್ ಲಿಪಿಯಲ್ಲಿ, ಒಬ್ಬೊಬ್ಬರ ಇಷ್ಟದ ಕಾಗುಣಿತದಲ್ಲಿ ಇರುತ್ತವೆ: ‘ಚಿಕ್ಕಪ್ಪ ಹಾಸನ’, ‘ಮಂಜಣ್ಣ ಪ್ಲಂಬರ್’, ‘ಶೈಲಕ್ಕ ಹೊಸ ನಂಬರ್’. ಇಂಗ್ಲಿಷ್ ಉಚ್ಚಾರಕ್ಕೆ ಹೊಂದಿಸಿದ ಯಂತ್ರ ಇವನ್ನು ಕೇಳಿಸಿಕೊಳ್ಳುವಾಗಲೂ ಓದಿ ಹೇಳುವಾಗಲೂ ಎಡವುತ್ತದೆ. ದೀರ್ಘ, ಒತ್ತಕ್ಷರ, ಳಕಾರಗಳು ಅದಕ್ಕೆ ಒಲಿಯುವುದಿಲ್ಲ. ಕನ್ನಡ ಲಿಪಿಯಲ್ಲಿ ಉಳಿಸಿಕೊಂಡ ಹೆಸರುಗಳು ಕನ್ನಡ ಅಕ್ಷರರೂಪವಿಲ್ಲದ ಹಳೆಯ ಸ್ಟೀರಿಯೊಗಳಲ್ಲಿ ಸಾಲುಸಾಲು ಖಾಲಿ ಚೌಕಗಳಾಗಿ ಕಾಣುತ್ತವೆ. ಹೆಚ್ಚು ಬಳಸುವ ನಾಲ್ಕೈದು ನಂಬರುಗಳಿಗೆ ಸ್ಪಷ್ಟವಾಗಿ ಬೇರೆಯಾಗಿ ಕೇಳುವ ಹೆಸರು ಕೊಟ್ಟುಕೊಳ್ಳುವುದು ಇದಕ್ಕಿರುವ ಸರಳ ಉಪಾಯ.

ಜೋಡಣೆಯ ವಿಷಯದಲ್ಲಿ ಕೇಳಬೇಕಾದ್ದು ಎರಡು: ಕಾರು ಸ್ಟಾರ್ಟ್ ಆದೊಡನೆ ಫೋನು ತಾನಾಗಿ ಸೇರುತ್ತದೆಯೇ, ಒಂದೇ ಸಮಯಕ್ಕೆ ಎರಡು ಫೋನುಗಳನ್ನು ಹಿಡಿದಿಟ್ಟುಕೊಳ್ಳಬಲ್ಲದೇ. ಗಂಡಹೆಂಡಿರು ಒಂದೇ ಕಾರು ಬಳಸುವ ಮನೆಯಲ್ಲಿ, ಕಚೇರಿಗೊಂದು ಸ್ವಂತಕ್ಕೊಂದು ಫೋನ್ ಇರುವವರಲ್ಲಿ ಎರಡನೆಯದು ಮುಖ್ಯವಾಗುತ್ತದೆ. ಪ್ರತಿ ಸಲವೂ ಕೈಯಿಂದ ಜೋಡಿಸಬೇಕಾದ ಕಿಟ್ ಕೆಲವೇ ವಾರಗಳಲ್ಲಿ ಡ್ಯಾಶ್‌ಬೋರ್ಡ್‌ನ ಖಾನೆ ಸೇರುತ್ತದೆ.

ಅಳವಡಿಕೆ

ಭಾರತದಲ್ಲಿ ಚಾಲಕರು ಬಲಬದಿಯಲ್ಲಿ ಕೂರುವುದರಿಂದ ಮೈಕ್‌ಗೆ ಯೋಗ್ಯ ಜಾಗ ಬಲಗಡೆಯ ವೈಸರ್‌ನ ಬುಡ, ಛಾವಣಿಯ ಮುಂಭಾಗ ಅಥವಾ ಮುಂಗಾಜಿನ ಬಲ ಕಂಬ. ಎಸಿ ಗಾಳಿ ನೇರ ಬಡಿಯುವ ಕಡೆ ಮೈಕ್ ಇಡಬಾರದು. ಕಂಬದೊಳಗೆ ಪರದೆ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ತಂತಿ ಅದರ ಹಿಂದಿನಿಂದ ಹಾಯಬೇಕು, ಮುಂದಿನಿಂದ ಹಾಯ್ದರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳುವುದಕ್ಕೆ ತಡೆಯಾಗುತ್ತದೆ.

ಹೊರಗಿನ ಸ್ಟೀರಿಯೊಗಳ ತಂತಿಗಳಲ್ಲಿ ಹಳದಿ ಸದಾ ವಿದ್ಯುತ್ ಇರುವುದು, ಕೆಂಪು ಕೀ ತಿರುಗಿಸಿದಾಗ ಬರುವುದು, ಕಪ್ಪು ಅರ್ಥ್ ಎಂಬುದು ರೂಢಿ. ಹಳದಿ, ಕೆಂಪು ಎರಡನ್ನೂ ಸದಾ ವಿದ್ಯುತ್ ಇರುವ ತಂತಿಗೇ ಸುತ್ತಿಬಿಟ್ಟರೆ ಕಿಟ್ ರಾತ್ರಿಯಿಡೀ ಎಚ್ಚರವಾಗಿದ್ದು, ನಾಲ್ಕು ದಿನ ನಿಂತ ಕಾರು ಐದನೆಯ ದಿನ ಸ್ಟಾರ್ಟ್ ಆಗದಿರಬಹುದು. ಕಾರಿನ ಮೂಲ ತಂತಿಗಳನ್ನು ಕತ್ತರಿಸದೆ ಆ ಮಾದರಿಗೆಂದೇ ಸಿಗುವ ಕಪ್ಲರ್ ಬಳಸಿದರೆ ವಾರಂಟಿಯ ತಕರಾರು ಬರುವುದು ಕಡಿಮೆ.

ಸುರಕ್ಷತೆ

ಕಿಟ್ ಕೈಯನ್ನು ಬಿಡಿಸುತ್ತದೆ. ಗಮನವನ್ನೂ ಬಿಡಿಸುತ್ತದೆಯೇ ಎಂಬುದು ಸಂಶೋಧಕರು ಮತ್ತೆ ಮತ್ತೆ ಕೇಳಿರುವ ಪ್ರಶ್ನೆ. ಕೆನಡಾದ ಟೊರಾಂಟೊದಲ್ಲಿ ರೆಡೆಲ್‌ಮಯರ್ ಮತ್ತು ಟಿಬ್‌ಶಿರಾನಿ 699 ಚಾಲಕರ ಫೋನ್ ದಾಖಲೆಗಳನ್ನು ಪರಿಶೀಲಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕರೆಯ ಹೊತ್ತಿನಲ್ಲಿ ಅಪಘಾತದ ಸಂಭವ ಸುಮಾರು ನಾಲ್ಕು ಪಟ್ಟು ಹೆಚ್ಚು. ಹ್ಯಾಂಡ್ಸ್‌ಫ್ರೀ ಬಳಸಿದವರಿಗೆ ಯಾವ ಅನುಕೂಲವೂ ಕಂಡುಬರಲಿಲ್ಲ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಗಾಯಗೊಂಡು ಆಸ್ಪತ್ರೆ ಸೇರಿದ 456 ಚಾಲಕರನ್ನು ಕುರಿತ 2005ರ ಅಧ್ಯಯನವೂ ಅದೇ ನಾಲ್ಕು ಪಟ್ಟಿನ ಲೆಕ್ಕಕ್ಕೆ ಬಂತು.

ಕಾರಣವನ್ನು ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತು ಸಂಗಡಿಗರು ಚಾಲನಾ ಅನುಕರಣ ಯಂತ್ರಗಳಲ್ಲಿ ಹುಡುಕಿದರು. ಮಾತಿನಲ್ಲಿ ಮುಳುಗಿದವರ ಕಣ್ಣು ಎದುರಿನ ವಸ್ತುವಿನ ಮೇಲೆ ನೆಟ್ಟಿದ್ದರೂ ಅದು ಮನಸ್ಸಿಗೆ ದಾಖಲಾಗುವುದಿಲ್ಲ. ಪಕ್ಕದಲ್ಲಿ ಕುಳಿತವರ ಮಾತಿನಿಂದ ಇಷ್ಟು ತೊಂದರೆಯಾಗದು. ಮುಂದೆ ಲಾರಿ ಬ್ರೇಕ್ ಹಾಕಿದ್ದು ಅವರಿಗೂ ಕಾಣುತ್ತದೆ, ಮಾತು ತಾನಾಗಿ ನಿಲ್ಲುತ್ತದೆ. ಆಚೆ ತುದಿಯವರಿಗೆ ಲಾರಿ ಕಾಣುವುದಿಲ್ಲ. ಧ್ವನಿ ಆದೇಶಗಳ ಕುರಿತು ಅಮೆರಿಕದ ಎಎಎ ಪ್ರತಿಷ್ಠಾನಕ್ಕಾಗಿ ಇದೇ ತಂಡ 2015ರಲ್ಲಿ ನಡೆಸಿದ ಪರೀಕ್ಷೆಗಳಲ್ಲಿ, ಕೆಲಸ ಮುಗಿದ ಮೇಲೂ ಗಮನದ ಮಂಕು ಕೆಲವು ವ್ಯವಸ್ಥೆಗಳಲ್ಲಿ 27 ಸೆಕೆಂಡ್‌ವರೆಗೆ ಉಳಿದಿತ್ತು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಅಷ್ಟು ಹೊತ್ತಿಗೆ ವಾಹನ 300 ಮೀಟರ್ ಹೋಗಿರುತ್ತದೆ.

ಕಾರುಗಳಲ್ಲಿ ಕ್ಯಾಮೆರಾ ಇಟ್ಟು ನಿಜ ಚಾಲನೆಯನ್ನು ದಾಖಲಿಸಿದ ವರ್ಜೀನಿಯಾ ಟೆಕ್ ಸಂಸ್ಥೆಯ ಅಧ್ಯಯನಗಳ ಚಿತ್ರ ಭಿನ್ನ. ಅವುಗಳಲ್ಲಿ ಅಪಾಯ ಮುಖ್ಯವಾಗಿ ಕಂಡದ್ದು ನಂಬರ್ ಒತ್ತುವುದು, ಸಂದೇಶ ಬರೆಯುವುದು, ಫೋನಿಗಾಗಿ ಕೈಚಾಚುವುದು ಇಂಥ ಕಣ್ಣು-ಕೈ ಎರಡನ್ನೂ ಬೇಡುವ ಕೆಲಸಗಳಲ್ಲಿ. ಹ್ಯಾಂಡ್ಸ್‌ಫ್ರೀ ಮಾತು ಅಷ್ಟು ಅಪಾಯವನ್ನು ತೋರಲಿಲ್ಲ. ಎರಡೂ ಸಾಲಿನ ಅಧ್ಯಯನಗಳು ಒಪ್ಪುವ ಅಂಶ, ಕಿಟ್ ಇದ್ದರೂ ಕಣ್ಣು ಪರದೆಗೆ ಹೋಗುವ ಬಳಕೆ ಅಪಾಯಕಾರಿ ಎಂಬುದು.

ಕಾನೂನು

ಭಾರತದಲ್ಲಿ ಮೋಟಾರು ವಾಹನ ಕಾಯ್ದೆ 1988ರ 184ನೇ ಕಲಮು ಅಪಾಯಕಾರಿ ಚಾಲನೆಗೆ ಸಂಬಂಧಿಸಿದ್ದು. 2019ರ ತಿದ್ದುಪಡಿ ಚಾಲನೆಯ ವೇಳೆ ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನದ ಬಳಕೆಯನ್ನು ಅದರಲ್ಲಿ ಹೆಸರಿಸಿ ಸೇರಿಸಿತು. ಮೊದಲ ಅಪರಾಧಕ್ಕೆ 1,000ದಿಂದ 5,000 ರೂಪಾಯಿವರೆಗೆ ದಂಡ ಅಥವಾ 6 ತಿಂಗಳಿಂದ 1 ವರ್ಷದ ಸೆರೆ, ಅಥವಾ ಎರಡನ್ನೂ ವಿಧಿಸಬಹುದು. ಸ್ಥಳದಲ್ಲೇ ಕಟ್ಟುವ ರಾಜಿ ದಂಡದ ಮೊತ್ತವನ್ನು 200ನೇ ಕಲಮಿನಡಿ ಆಯಾ ರಾಜ್ಯ ನಿಗದಿ ಮಾಡುತ್ತದೆ. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮಗಳ ತಿದ್ದುಪಡಿ, ದಾರಿ ನೋಡಲು ಮಾತ್ರ, ಅದೂ ಚಾಲಕರ ಏಕಾಗ್ರತೆಗೆ ಭಂಗ ಬಾರದಂತೆ ಸಾಧನವನ್ನು ಬಳಸಲು ಅವಕಾಶ ನೀಡಿದೆ. ಕಾಯ್ದೆಯ ಪದಗಳು ‘ಕೈಯಲ್ಲಿ ಹಿಡಿಯುವ’ ಸಾಧನವನ್ನು ಕುರಿತಿವೆ. ವಾಹನದೊಳಗೆ ಕೂರಿಸಿದ ಕಿಟ್‌ನ ಹೆಸರು ಅಲ್ಲಿ ಬರುವುದಿಲ್ಲ. ಆದರೂ ಅಪಾಯಕಾರಿ ಚಾಲನೆಯ ಸಾಮಾನ್ಯ ನಿಯಮದಿಂದ ಕಿಟ್ ಬಳಸುವವರಿಗೆ ವಿನಾಯಿತಿ ಇಲ್ಲ. ಬೆಂಗಳೂರಿನಲ್ಲಿ 2022ರ ಡಿಸೆಂಬರ್‌ನಲ್ಲಿ ಚಾಲನೆಗೊಂಡ ಕ್ಯಾಮೆರಾ ಆಧಾರಿತ ಸಂಚಾರ ನಿರ್ವಹಣಾ ವ್ಯವಸ್ಥೆ ಪತ್ತೆಹಚ್ಚುವ ಉಲ್ಲಂಘನೆಗಳಲ್ಲಿ ಮೊಬೈಲ್ ಬಳಕೆಯೂ ಒಂದು.

ಇತರೆಡೆ ನಿಯಮಗಳು ಏಕರೂಪದ್ದಲ್ಲ. ಬ್ರಿಟನ್ ಕೈಫೋನ್ ಬಳಕೆಯನ್ನು 2003ರ ಡಿಸೆಂಬರ್ 1ರಿಂದ ನಿಷೇಧಿಸಿತು, 2022ರ ಮಾರ್ಚ್‌ನಲ್ಲಿ ಚಿತ್ರ ತೆಗೆಯುವುದು, ಹಾಡು ಹುಡುಕುವುದನ್ನೂ ನಿಷೇಧದೊಳಗೆ ತಂದಿತು. ಹ್ಯಾಂಡ್ಸ್‌ಫ್ರೀಗೆ ಅನುಮತಿ ಇದೆ. ಫ್ರಾನ್ಸ್ 2015ರ ಜುಲೈ 1ರಿಂದ ಕಿವಿಗೆ ತೊಡುವ ಹೆಡ್‌ಸೆಟ್‌ಗಳನ್ನು ನಿಷೇಧಿಸಿ, ವಾಹನದ ಸ್ಪೀಕರ್ ಬಳಸುವ ಕಿಟ್‌ಗಳನ್ನು ಉಳಿಸಿತು. ಅಮೆರಿಕದ ರಾಜ್ಯಗಳಲ್ಲಿ ಮೊದಲು ಕೈಫೋನ್ ನಿಷೇಧಿಸಿದ್ದು ನ್ಯೂಯಾರ್ಕ್, 2001ರಲ್ಲಿ. ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2011ರ ಡಿಸೆಂಬರ್‌ನಲ್ಲಿ ಹ್ಯಾಂಡ್ಸ್‌ಫ್ರೀ ಕರೆಯನ್ನೂ ನಿಷೇಧಿಸಬೇಕೆಂದು ಶಿಫಾರಸು ಮಾಡಿತು. ಎಲ್ಲ ಚಾಲಕರಿಗೂ ಅನ್ವಯಿಸುವಂತೆ ಯಾವ ರಾಜ್ಯವೂ ಅದನ್ನು ಒಪ್ಪಲಿಲ್ಲ.

ಇಂದಿನ ಸ್ಥಿತಿ

ಬಿಡಿಯಾಗಿ ಕೊಳ್ಳುವ ಕಿಟ್‌ನ ಮಾರುಕಟ್ಟೆ ಕುಗ್ಗಿದೆ. ಹೊಸ ಕಾರುಗಳಲ್ಲಿ ಚಿಕ್ಕ ಮಾದರಿಗಳವರೆಗೂ ಪರದೆ ಮತ್ತು ಬ್ಲೂಟೂತ್ ಬಂದಿರುವುದು ಇದಕ್ಕೆ ಕಾರಣ. ಬೇಡಿಕೆ ಉಳಿದಿರುವುದು ಹಳೆಯ ಕಾರು, ಸರಕು ವಾಹನ ಮತ್ತು ದ್ವಿಚಕ್ರ ವಾಹನಗಳವರಲ್ಲಿ. ಯುರೋಪಿನ ಒಕ್ಕೂಟದಲ್ಲಿ 2018ರ ಮಾರ್ಚ್ 31ರಿಂದ ಹೊಸ ಮಾದರಿಯ ಕಾರುಗಳಿಗೆ ಇಕಾಲ್ ಎಂಬ ತುರ್ತು ಕರೆ ವ್ಯವಸ್ಥೆ ಕಡ್ಡಾಯವಾಗಿದೆ. ಅಪಘಾತವಾದೊಡನೆ ಕಾರು ತಾನಾಗಿ 112ಕ್ಕೆ ಕರೆ ಮಾಡಿ ಒಳಗಿನವರೊಂದಿಗೆ ಧ್ವನಿ ಸಂಪರ್ಕ ಏರ್ಪಡಿಸುವ ಈ ವ್ಯವಸ್ಥೆಯಿಂದ ಹ್ಯಾಂಡ್ಸ್‌ಫ್ರೀ ಮೈಕ್ ಮತ್ತು ಸ್ಪೀಕರ್ ಸುರಕ್ಷತಾ ಸಾಧನಗಳ ಸಾಲಿಗೂ ಸೇರಿವೆ.

ಹೊಸದಾಗಿ ಎದ್ದಿರುವ ಪ್ರಶ್ನೆ ಖಾಸಗಿ ಮಾಹಿತಿಯದು. ಜೋಡಣೆಯಾದೊಡನೆ ಕಾರಿನ ವ್ಯವಸ್ಥೆ ಫೋನಿನ ಹೆಸರು-ನಂಬರುಗಳನ್ನೂ ಕರೆಗಳ ಪಟ್ಟಿಯನ್ನೂ ತನ್ನ ನೆನಪಿಗೆ ಇಳಿಸಿಕೊಳ್ಳುತ್ತದೆ. ಕೆಲವು ವ್ಯವಸ್ಥೆಗಳಲ್ಲಿ ಫೋನು ದೂರ ಹೋದ ಮೇಲೂ ಅದು ಅಲ್ಲೇ ಉಳಿಯುತ್ತದೆ. ಬಾಡಿಗೆ ಕಾರು ಮರಳಿಸುವಾಗ ಅಥವಾ ಸ್ವಂತ ಕಾರು ಮಾರುವಾಗ ಸೆಟ್ಟಿಂಗ್ಸ್‌ಗೆ ಹೋಗಿ ಜೋಡಣೆಯನ್ನು ಅಳಿಸಿ, ಸ್ಟೀರಿಯೊವನ್ನು ಫ್ಯಾಕ್ಟರಿ ರೀಸೆಟ್ ಮಾಡಿದರೆ ಆ ಪಟ್ಟಿ ಹೋಗುತ್ತದೆ; ಫೋನಿನ ಕಡೆಯಿಂದ ಮಾತ್ರ ಅಳಿಸಿದರೆ ಕಾರಿನಲ್ಲಿರುವ ಪ್ರತಿ ಹಾಗೆಯೇ ಉಳಿಯಬಹುದು.